ಫೋನಿನ ಗಡಿಯಾರ ಯಾವ ಊರಿನದು?



ಗೋಡೆ ಗಡಿಯಾರ ನೋಡಲು ನೀವು ಈಗಾಗಲೇ ಕಲಿತಿದ್ದೀರಿ. ಈ ಸಲ ಫೋನಿನ ಗಡಿಯಾರ ನೋಡೋಣ. ಅದು ಕೆಲವೊಮ್ಮೆ ಬೇರೆ ದೇಶದ ಗಂಟೆ ತೋರಿಸುತ್ತದೆ. ಆಗ ನಮ್ಮ ಕೂಲಿಗೆ ಕತ್ತರಿ ಬೀಳುತ್ತದೆ.

ಗೋವಾದ ಫೋಂಡಾ ತಾಲೂಕಿನಲ್ಲಿ ಕುಂಡಯಿ ಎಂಬ ಊರಿದೆ. ಅಲ್ಲಿ ಕೈಗಾರಿಕಾ ವಸಾಹತು ಇದೆ. ನಮ್ಮ ಕಡೆಯಿಂದ ದುಡಿಯಲು ಗೋವಾಕ್ಕೆ ಹೋದವರು ಬಹಳ ಜನ. ಕುಂಡಯಿಯ ಸಂಜೆ ಪಾಠಕ್ಕೆ ಬರುವ ಒಬ್ಬ ಅಕ್ಕ ಹೇಳಿದ ಸಂಗತಿ ಇದು.

ಅಕ್ಕನ ಹಳೆಯ ಫೋನ್ ಕೆಟ್ಟಿತ್ತು. ದುಬೈಯಲ್ಲಿ ಗೌಂಡಿ ಕೆಲಸ ಮಾಡುವ ಮೈದುನ ಊರಿಗೆ ಬಂದಾಗ ತನ್ನ ಫೋನ್ ಕೊಟ್ಟ. ಅಕ್ಕ ರಾತ್ರಿ 5:30ಕ್ಕೆ ಅಲಾರಾಂ ಇಟ್ಟು ಮಲಗಿದಳು. ಮಳೆಗಾಲ, ಮೋಡ ಕವಿದಿತ್ತು. ಬೆಳಕು ನೋಡಿ ಹೊತ್ತು ತಿಳಿಯುವಂತಿರಲಿಲ್ಲ. ಅಲಾರಾಂ ಕೂಗಿದಾಗ ಎದ್ದಳು. ರೊಟ್ಟಿ ಬಡಿದಳು, ಬುತ್ತಿ ಕಟ್ಟಿಕೊಂಡಳು, ನಡೆದಳು. ಗೇಟಿನ ಹತ್ತಿರ ಬಂದಾಗ ಫೋನಿನಲ್ಲಿ 7:45. ಕೆಲಸ ಶುರುವಾಗುವುದು 8ಕ್ಕೆ. ಆದರೆ ಗೇಟಿನ ಗಡಿಯಾರದಲ್ಲಿ 9:15!

“ನನ್ನ ಫೋನ್ ನೋಡ್ರಿ ಅಣ್ಣಾರ, ಇನ್ನೂ ಎಂಟ ಆಗಿಲ್ರಿ” ಅಂದಳು. ಯಾರು ಕೇಳುತ್ತಾರೆ? ಅರ್ಧ ದಿನದ ಪಗಾರ ಹೋಯಿತು.

ಅಲ್ಲಿಗೇ ಮುಗಿಯಲಿಲ್ಲ. ಪಕ್ಕದ ಮನೆಯ ಹುಡುಗ ಫೋನ್ ತೆಗೆದುಕೊಂಡು ಗಂಟೆಯನ್ನು ದೀಡ ತಾಸು ಮುಂದೆ ಮಾಡಿದ. ಎಂಟು ದಿನ ಎಲ್ಲ ಸರಿ ಇತ್ತು. ಭಾನುವಾರ ರೀಚಾರ್ಜ್ ಅಂಗಡಿಯವನು ಫೋನ್ ನೋಡಿದ. “ಅಕ್ಕಾ, ಇದರಾಗ ದುಬೈ ಐತಿ” ಅಂತ ಹೇಳಿ ಇಂಡಿಯಾ ಮಾಡಿದ. ಅವನು ಮಾಡಿದ್ದೂ ತಪ್ಪಲ್ಲ. ಆದರೆ ಸೋಮವಾರ ಅಕ್ಕ ಗೇಟಿಗೆ ಬಂದಾಗ ನಿಜವಾದ ಹೊತ್ತು 6:15. ಬೀಗ ತೆಗೆದಿರಲಿಲ್ಲ. ಕೊಡೆ ಹಿಡಿದು ಮಳೆಯಲ್ಲಿ ಕೂತಳು.

“ಮೇಡಂ, ಒಮ್ಮೆ ತಡ, ಒಮ್ಮೆ ಲಗೂ. ಈ ಫೋನಿಗೆ ಏನಾಗೈತ್ರಿ?” ಎಂದು ಕೇಳಿದಳು.

ಫೋನಿನ ಎಲ್ಲ ಕೆಲಸ ನಡೆಸುವ ಮುಖ್ಯ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಆಂಡ್ರಾಯ್ಡ್ ಎಂಬ ಹೆಸರು ಕೇಳಿರುತ್ತೀರಿ, ಅದು ಇದೇ. ಇದರ ಒಳಗೆ ಒಂದು ಗಡಿಯಾರ ಇರುತ್ತದೆ. ಅದು ಇಡೀ ಜಗತ್ತಿಗೆ ಒಂದೇ ಆದ ಹೊತ್ತನ್ನು ಲೆಕ್ಕ ಇಡುತ್ತದೆ. ಈ ಹೊತ್ತಿಗೆ ಯುಟಿಸಿ ಎಂದು ಹೆಸರು. ಅದಕ್ಕೆ ನಮ್ಮ ದೇಶದ ಲೆಕ್ಕ ಕೂಡಿಸಿ ಪರದೆಯ ಮೇಲೆ ತೋರಿಸುತ್ತದೆ. ಭಾರತಕ್ಕೆ ಕೂಡಿಸುವುದು 5 ತಾಸು 30 ನಿಮಿಷ. ದುಬೈಗೆ 4 ತಾಸು. ಹೀಗೆ ಒಂದೇ ಗಂಟೆ ನಡೆಯುವ ಪ್ರದೇಶವೇ ಸಮಯ ವಲಯ. ಫೋನಿನಲ್ಲಿ ಟೈಮ್ ಝೋನ್ ಎಂದು ಬರೆದಿರುತ್ತದೆ.

ಈಗ ಅಕ್ಕನ ಫೋನಿನ ಲೆಕ್ಕ ಮಾಡೋಣ. ಪಾಟಿಯ ಮೇಲೆ ಬರೆದುಕೊಳ್ಳಿ.

ನಮ್ಮಲ್ಲಿ ಬೆಳಗಿನ 8:00. ಆಗ ಒಳಗಿನ ಗಡಿಯಾರ 2:30. ದುಬೈ ವಲಯದ ಫೋನ್ 4 ತಾಸು ಕೂಡಿಸಿ 6:30 ತೋರಿಸಿತು. ಅಕ್ಕನಿಗೆ ತಡವಾಯಿತು.

ಹುಡುಗ ಪರದೆಯ ಮೇಲೆ 8:00 ಮಾಡಿದ. ವಲಯ ದುಬೈಯೇ ಇತ್ತು. ಹಾಗಾಗಿ ಒಳಗಿನ ಗಡಿಯಾರ 4:00 ಆಯಿತು. ಹೊರಗೆ ಸರಿ ಕಂಡಿತು, ಒಳಗೆ ಕೆಟ್ಟಿತು.

ಅಂಗಡಿಯವನು ವಲಯ ಬದಲಿಸಿದ. 4:00ಕ್ಕೆ 5:30 ಕೂಡಿದರೆ ಎಷ್ಟು? 9:30. ದೀಡ ತಾಸು ಮುಂದೆ!

ಗಂಟೆ ತಪ್ಪಿದ್ದಾಗ ಅಂಕಿ ತಿದ್ದುವ ಮೊದಲು ವಲಯ ನೋಡಿ ಎಂದು ನಾನು ಪಾಠದಲ್ಲಿ ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಎಲ್ಲಿ ನೋಡಬೇಕು? ಫೋನಿನಲ್ಲಿ ಹಲ್ಲಿನ ಚಕ್ರದ ಚಿತ್ರ ಇದೆಯಲ್ಲ, ಅದು ಸೆಟ್ಟಿಂಗ್ಸ್. ಅದನ್ನು ಒತ್ತಿ. ಹೆಚ್ಚಿನ ಫೋನುಗಳಲ್ಲಿ ಸಿಸ್ಟಂ ಎಂಬಲ್ಲಿ ದಿನಾಂಕ ಮತ್ತು ಸಮಯ ಇರುತ್ತದೆ. ಅಲ್ಲಿ ಆಟೋಮ್ಯಾಟಿಕ್ ಎಂದು ಎರಡು ಸ್ವಿಚ್ ಕಾಣುತ್ತವೆ. ಒಂದು ಸಮಯಕ್ಕೆ, ಇನ್ನೊಂದು ವಲಯಕ್ಕೆ. ಎರಡನ್ನೂ ಆನ್ ಮಾಡಿ. ಸಿಮ್ ಇದ್ದು ನೆಟ್‌ವರ್ಕ್ ಸಿಕ್ಕರೆ ಫೋನ್ ತಾನೇ ಸರಿಪಡಿಸಿಕೊಳ್ಳುತ್ತದೆ. ಆಗದಿದ್ದರೆ ಕೈಯಿಂದಲೇ ಮೊದಲು ಇಂಡಿಯಾ ವಲಯ ಆರಿಸಿ. ಆಮೇಲೆ ಗಂಟೆ ನೋಡಿ.

ಕಂಪ್ಯೂಟರಿನಲ್ಲೂ ಹೀಗೆಯೇ. ವಿಂಡೋಸ್ ಇದ್ದರೆ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತ್ತಾ, ಮುಂಬೈ, ನವದೆಹಲಿ ಎಂಬ ಸಾಲು ಇರುತ್ತದೆ. ಬೆಂಗಳೂರು ಇಲ್ಲ, ಗೋವಾ ಇಲ್ಲ. ಹುಡುಕಿ ಸುಸ್ತಾಗಬೇಡಿ, ಅದೇ ನಮ್ಮ ಸಾಲು. ಕಾಠ್ಮಂಡು ಒತ್ತಿದರೆ 15 ನಿಮಿಷ ಮುಂದೆ ಹೋಗುತ್ತದೆ. ಇಸವಿಯೇ ತಪ್ಪು ತೋರಿಸಿದರೆ ಅದು ವಲಯದ ದೋಷವಲ್ಲ. ಕಂಪ್ಯೂಟರಿನ ಒಳಗಿನ ಬಿಲ್ಲೆಯಂಥ ಸೆಲ್ ಮುಗಿದಿರಬಹುದು.

ಭಾರತಕ್ಕೆ ಈ ಐದೂವರೆ ತಾಸು ಎಲ್ಲಿಂದ ಬಂತು? ಭೂಮಿ ಒಂದು ಸುತ್ತು ತಿರುಗಲು 24 ತಾಸು ಬೇಕು. ಪೂರ್ವದವರಿಗೆ ಸೂರ್ಯ ಮೊದಲು ಕಾಣುತ್ತಾನೆ. ಊರಿಗೊಂದು ಗಂಟೆ ಇಟ್ಟರೆ ರೈಲು ಓಡಿಸುವುದು ಹೇಗೆ? ಅದಕ್ಕೆ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ಒಂದು ರೇಖೆಯ ಹೊತ್ತನ್ನು ದೇಶಕ್ಕೆಲ್ಲ ಹಿಡಿದರು. ಇದು 1906ರಲ್ಲಿ ಜಾರಿಗೆ ಬಂತು. ಆದರೆ ಮುಂಬೈಯವರು ತಮ್ಮದೇ ಗಂಟೆ ಬಿಡಲಿಲ್ಲ. ಅಲ್ಲಿ 39 ನಿಮಿಷ ಹಿಂದಿನ ಮುಂಬೈ ಟೈಮ್ 1955ರವರೆಗೂ ನಡೆಯಿತು! ಕುಂಡಯಿ ಕೂಡ ಆ ರೇಖೆಯ ಪಶ್ಚಿಮಕ್ಕಿದೆ. ಸೂರ್ಯ ನೆತ್ತಿಗೆ ಬರುವಾಗ ಅಲ್ಲಿ ಗಡಿಯಾರದಲ್ಲಿ ಸುಮಾರು ಹನ್ನೆರಡೂವರೆ ಆಗಿರುತ್ತದೆ.

ಅಕ್ಕನ ಫೋನಿನ ಎರಡೂ ಸ್ವಿಚ್ ಆನ್ ಮಾಡಿದೆವು. ಗಂಟೆ ಸರಿಯಾಯಿತು. ಅರ್ಧ ದಿನದ ಪಗಾರ ಮಾತ್ರ ವಾಪಸ್ ಬರಲಿಲ್ಲ.

ಅಭ್ಯಾಸ

1. ದುಬೈಯಲ್ಲಿ ರಾತ್ರಿ 9:00. ನಮ್ಮಲ್ಲಿ ಎಷ್ಟು? ಆ ಹೊತ್ತಿಗೆ ಮನೆಯವರು ಎದ್ದಿರುತ್ತಾರೆಯೇ?

2. ಸೌದಿ ವಲಯಕ್ಕೆ ಕೂಡಿಸುವುದು 3 ತಾಸು. ಸೌದಿಯಿಂದ ತಂದ ಫೋನಿನಲ್ಲಿ ಬೆಳಗಿನ 6:00 ಇದೆ. ನಮ್ಮಲ್ಲಿ ನಿಜವಾದ ಹೊತ್ತು ಎಷ್ಟು?

3. ನಿಮ್ಮ ಮನೆಯ ಫೋನ್ ತೆಗೆಯಿರಿ. ಟೈಮ್ ಝೋನ್ ಎಂಬಲ್ಲಿ ಏನು ಬರೆದಿದೆ? ಓದಿ, ಪಾಟಿಯ ಮೇಲೆ ಬರೆಯಿರಿ.