ನೀಲಗಿರಿ ತೆಗೆದ ಹೊಲದಲ್ಲಿ ರಾಗಿ: ವಿಷವೋ, ಹಸಿವೋ, ಬಾಯಾರಿಕೆಯೋ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ನೀಲಗಿರಿ ತೋಪನ್ನು ಕಿತ್ತು ಮತ್ತೆ ರಾಗಿ ಹೊಲ ಮಾಡಲು ಹೊರಟವರಿಂದ ಒಂದೇ ಬಗೆಯ ದೂರು ಕೇಳಿಬರುತ್ತದೆ. ಬೀಜ ಮೊಳೆಯುತ್ತದೆ, ಆದರೆ ಪೈರು ಮೇಲೇಳುವುದಿಲ್ಲ. ಮೂರು ನಾಲ್ಕು ಎಲೆಗೆ ನಿಂತು ಹಳದಿಗೆ ತಿರುಗುತ್ತದೆ. ಪಕ್ಕದ ಹೊಲದಲ್ಲಿ ಅದೇ ದಿನ ಬಿತ್ತಿದ ಅದೇ ತಳಿ ತೆಂಡೆ ಹೊಡೆಯುತ್ತಿರುತ್ತದೆ. ನೀಲಗಿರಿ ಭೂಮಿಗೆ ವಿಷ ಬಿಟ್ಟು ಹೋಗಿದೆ ಎಂಬುದು ಊರಿನ ತೀರ್ಮಾನ. ಇದರಲ್ಲಿ ಸತ್ಯಾಂಶವಿದೆ. ಆದರೆ ಇದನ್ನೇ ಪೂರ್ತಿ ಸತ್ಯವೆಂದು ನಂಬಿದ ರೈತ ತನ್ನ ದುಡ್ಡನ್ನೂ ಶ್ರಮವನ್ನೂ ತಪ್ಪು ಕಡೆ ಸುರಿಯುತ್ತಾನೆ.

ನೀಲಗಿರಿಯ ಮೇಲಿನ ಸಿಟ್ಟು ಇಂದಿನದಲ್ಲ. ೧೯೮೩ರಲ್ಲಿಯೇ ಪಕ್ಕದ ತುಮಕೂರು ಜಿಲ್ಲೆಯ ರೈತರು ಸಸಿಮಡಿಗಳಿಗೆ ನುಗ್ಗಿ ಸಸಿಗಳನ್ನು ಕಿತ್ತಿದ್ದರು. ೨೦೧೭ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮರ ತೆಗೆದ ಮೇಲೆ ನೆಲವನ್ನು ಸರಿಪಡಿಸುವ ಕೆಲಸ ಮಾತ್ರ ರೈತನ ಪಾಲಿಗೇ ಉಳಿಯಿತು.

ಮೊದಲು ವಿಷದ ವಿಚಾರ. ಒಂದು ಸಸ್ಯವು ಹೊರಬಿಡುವ ವಸ್ತುಗಳು ಇನ್ನೊಂದು ಸಸ್ಯದ ಬೆಳವಣಿಗೆಯನ್ನು ಕುಂಠಿತಗೊಳಿಸುವುದುಂಟು. ಇಂತಹ ಪ್ರಭಾವಕ್ಕೆ ೧೯೩೭ರಲ್ಲಿ ಆಸ್ಟ್ರಿಯ ದೇಶದ ಹಾನ್ಸ್ ಮೋಲಿಷ್ ಎಂಬ ವಿಜ್ಞಾನಿ ಅಲಿಲೋಪತಿ ಎಂಬ ಹೆಸರಿಟ್ಟರು. ಅಕ್ರೋಟು ಮರದ ಬುಡದಲ್ಲಿ ಟೊಮ್ಯಾಟೊ ಗಿಡ ಬಾಡುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿ ಕೆಲಸ ಮಾಡುವುದು ಜುಗ್ಲೋನ್ ಎಂಬ ವಸ್ತು. ನೀಲಗಿರಿ ಎಲೆಯಲ್ಲಿ ಸಿನಿಯೋಲ್ ಮುಂತಾದ ಎಣ್ಣೆ ಅಂಶಗಳೂ ಫೀನಾಲ್ ಜಾತಿಯ ಆಮ್ಲಗಳೂ ಇವೆ. ಎಲೆಯನ್ನು ನೆನೆಸಿದ ನೀರಿನಲ್ಲಿ ಬೀಜ ಮೊಳೆಯಿಸಿದರೆ ಬೇರು ಮೊಟಕಾಗುವುದನ್ನು ಪ್ರಯೋಗಶಾಲೆಗಳಲ್ಲಿ ಮತ್ತೆ ಮತ್ತೆ ಕಾಣಲಾಗಿದೆ.

ಇಂತಹ ವಸ್ತುಗಳನ್ನು ಮರಗಳಷ್ಟೇ ಬಿಡುವುದಿಲ್ಲ. ಕಸಕಡ್ಡಿ ಕೊಳೆಸುವ ಸೂಕ್ಷ್ಮಜೀವಿಗಳೂ ಬಿಡುತ್ತವೆ. ಪೆನಿಸಿಲಿಯಂ ಜಾತಿಯ ಕೆಲವು ಬೂಷ್ಟುಗಳು ಪ್ಯಾಟುಲಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಅದು ಎಳೆಯ ಬೇರಿಗೆ ಹಾನಿಕರ. ಹಸಿರೆಲೆ ಗೊಬ್ಬರ ಮಗುಚಿದ ಮರುದಿನವೇ ಬಿತ್ತಿದರೆ ಪೈರು ಸೊರಗುವುದಕ್ಕೆ ಕೊಳೆಯುವಾಗ ಹುಟ್ಟುವ ಆಮ್ಲಗಳೂ ಒಂದು ಕಾರಣ. ಹಿರಿಯರು 'ಕಾವು ಆರಲಿ' ಎಂದು ಕಾಯುತ್ತಿದ್ದುದು ಸರಿಯಾಗಿಯೇ ಇತ್ತು.

ಆದರೆ ಪ್ರಯೋಗಶಾಲೆಯ ತಟ್ಟೆ ಬೇರೆ, ಹೊಲ ಬೇರೆ. ನೆಲದಲ್ಲಿ ಈ ವಸ್ತುಗಳ ಸ್ವಲ್ಪ ಭಾಗ ಜೇಡಿಗೂ ಸಾವಯವ ಅಂಶಕ್ಕೂ ಅಂಟಿಕೊಳ್ಳುತ್ತದೆ, ಸ್ವಲ್ಪ ಮಳೆಯಲ್ಲಿ ತೊಳೆದುಹೋಗುತ್ತದೆ, ಉಳಿದುದನ್ನು ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ. ತರಗು ಮತ್ತೆ ಬೀಳದಿದ್ದರೆ ವಿಷ ಬಹುಕಾಲ ನಿಲ್ಲುವುದಿಲ್ಲ.

ಹೆಚ್ಚು ಕಾಲ ನಿಲ್ಲುವುದು ಹಸಿವು ಮತ್ತು ಬಾಯಾರಿಕೆ. ನೀಲಗಿರಿ ತರಗಿನಲ್ಲಿ ಸಾರಜನಕ ಬಹಳ ಕಡಿಮೆ. ಅದನ್ನೂ ಮಣ್ಣಿನಲ್ಲುಳಿದ ಬೇರನ್ನೂ ಕೊಳೆಸುವ ಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ರಾಗಿ ಉಪವಾಸ ಬೀಳುತ್ತದೆ. ನೀರಿನ ಲೆಕ್ಕವಂತೂ ನಮ್ಮ ಹೊಸಕೋಟೆಯಲ್ಲೇ ಸಿಕ್ಕಿದೆ. ಅಲ್ಲಿನ ಪ್ರಾಯೋಗಿಕ ನೆಡುತೋಪಿನ ಅಧ್ಯಯನವೊಂದು ೧೯೯೭ರಲ್ಲಿ ಪ್ರಕಟವಾಯಿತು. ಮಳೆ ಕಡಿಮೆಯಾದ ಮೂರು ವರ್ಷಗಳಲ್ಲಿ ಬಿದ್ದ ಮಳೆ ೨೧೦೦ ಮಿ.ಮೀ.; ತೋಪಿನಿಂದ ಆವಿಯಾಗಿ ಹೋದದ್ದು ಅಂದಾಜು ೩೪೦೦ ಮಿ.ಮೀ. ಹೆಚ್ಚಿನ ನೀರು ಬಂದದ್ದು ಆಳದ ಮಣ್ಣಿನ ಹಳೆಯ ತೇವದಿಂದ. ರಾಗಿಯ ಬೇರು ಅಷ್ಟು ಆಳಕ್ಕೆ ಇಳಿಯದಿದ್ದರೂ, ತಳ ಒಣಗಿದ ಹೊಲಕ್ಕೆ ಹದಿನೈದು ದಿನ ಮಳೆ ತಪ್ಪಿದರೆ ಆಸರೆ ಇರುವುದಿಲ್ಲ.

ಈ ಮೂರರಲ್ಲಿ ನಿಮ್ಮ ಹೊಲದ ರೋಗ ಯಾವುದು ಎಂದು ಮನೆಯಂಗಳದಲ್ಲೇ ನೋಡಬಹುದು. ತಳದಲ್ಲಿ ತೂತು ಮಾಡಿದ ನಾಲ್ಕು ಹಳೆಯ ಡಬ್ಬಗಳು ಸಾಕು. ಒಂದರಲ್ಲಿ ಪಕ್ಕದ ರಾಗಿ ಹೊಲದ ಮಣ್ಣು, ಉಳಿದ ಮೂರರಲ್ಲಿ ನೀಲಗಿರಿ ಇದ್ದ ಜಾಗದ ಮೇಲಿನ ಅರ್ಧ ಅಡಿ ಮಣ್ಣು ತುಂಬಿರಿ. ಮೂರನೆಯ ಡಬ್ಬಕ್ಕೆ ಮಾತ್ರ ಮೂರು ನಾಲ್ಕು ಸಲ ಧಾರಾಳವಾಗಿ ನೀರು ಹೊಯ್ದು ಬಸಿದುಹೋಗಲು ಬಿಡಿ. ಹದವಾದ ಮೇಲೆ ಎಲ್ಲದರಲ್ಲೂ ೨೫ ರಾಗಿ ಕಾಳು ಹಾಕಿ ಸಮನಾಗಿ ನೀರು ಕೊಡಿ. ನಾಲ್ಕನೆಯದಕ್ಕೆ ಪೈರು ಎದ್ದ ಹತ್ತು ದಿನಕ್ಕೆ, ಲೀಟರಿಗೆ ೨ ಗ್ರಾಂ ಯೂರಿಯಾ ಕರಗಿಸಿದ ನೀರನ್ನು ಒಮ್ಮೆ ಕೊಡಿ. ಎರಡನೆಯದರಲ್ಲಿ ಮೊಳಕೆ ಕಡಿಮೆಯಾಗಿ ಬೇರಿನ ತುದಿ ಕಂದಿದ್ದು, ತೊಳೆದ ಮೂರನೆಯದರಲ್ಲಿ ಬೇರು ಬಿಳುಪಾಗಿ ಇಳಿದಿದ್ದರೆ ಅದು ವಿಷದ ಲಕ್ಷಣ. (ಮೂರನೆಯದರ ಬಣ್ಣ ನೋಡಿ ಮೋಸ ಹೋಗಬೇಡಿ, ತೊಳೆಯುವಾಗ ಸಾರಜನಕವೂ ಹೋಗಿರುತ್ತದೆ.) ನಾಲ್ಕನೆಯದು ವಾರದಲ್ಲಿ ಹಸಿರಾದರೆ ಅದು ಹಸಿವು. ನಾಲ್ಕೂ ಒಂದೇ ಸಮನೆ ಬೆಳೆದರೆ ನಿಮ್ಮ ಮಣ್ಣಿಗೆ ಬೇಕಿರುವುದು ತೇವ.

ಇನ್ನೊಂದು ಕಾರಣವನ್ನು ಡಬ್ಬ ತೋರಿಸುವುದಿಲ್ಲ. ಜೆಸಿಬಿಯಿಂದ ಬುಡ ಕೀಳಿಸುವಾಗ ಒಳಗಿನ ಗರಸು ಮೇಲೆ ಬಂದು, ಮೇಲ್ಮಣ್ಣು ಗುಂಡಿಯ ತಳ ಸೇರುತ್ತದೆ. ಅಂತಹ ಹೊಲದಲ್ಲಿ ಪೈರು ಚುಕ್ಕೆ ಚುಕ್ಕೆಯಾಗಿ ಸೊರಗುತ್ತದೆ, ಬೈಗುಳ ಮರಕ್ಕೆ ಸಲ್ಲುತ್ತದೆ. ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿಸಿ, ಗುಂಡಿ ಮುಚ್ಚಿದ ಮೇಲೆ ಹರಡಿಸುವುದು ಒಳಿತು. ಬುಡವನ್ನು ಕೀಳದೆ ಬಿಟ್ಟರಂತೂ ಕೂಳೆ ಚಿಗುರುವುದು ಖಂಡಿತ.

ಬೇಸಿಗೆಯಲ್ಲಿ ತರಗನ್ನು ಗುಡಿಸಿ ಹೊಲದಿಂದ ಹೊರಗೆ ಸಾಗಿಸಿರಿ. ಅದನ್ನು ಮುಚ್ಚಿಗೆಯಾಗಿ ಬಳಸಬಾರದು. ಸಗಣಿ ಬಗ್ಗಡದೊಂದಿಗೆ ಗುಂಡಿಯಲ್ಲಿ ಹಾಕಿ, ಬೇರೆ ಕಸಕ್ಕಿಂತ ಹೆಚ್ಚು ಕಾಲ ಕೊಳೆಸಿದರೆ ಗೊಬ್ಬರವಾಗುತ್ತದೆ. ಮೊದಲ ಮಳೆಗೆ ಇಳಿಜಾರಿಗೆ ಅಡ್ಡಲಾಗಿ ಉತ್ತು, ನೀರು ನೆಲದಲ್ಲಿ ಇಂಗುವಂತೆ ಬದು ಸರಿಮಾಡಿರಿ. ನಮ್ಮ ಅಭಿಪ್ರಾಯದಲ್ಲಿ ಮೊದಲ ವರ್ಷ ರಾಗಿಯ ಆಸೆ ಬಿಟ್ಟು ಹುರುಳಿ ಅಥವಾ ಅಲಸಂದೆ ಹಾಕುವುದು ಲೇಸು. ಕಾಳು ಕಡಿಮೆ ಬಂದರೂ ದನಕ್ಕೆ ಮೇವಾಗುತ್ತದೆ, ನೆಲಕ್ಕೆ ಸಾರಜನಕ ಸೇರುತ್ತದೆ. ಅಪ್ಸೆಣಬು ಬೆಳೆದು ಮಗುಚುವವರು ಬಿತ್ತನೆಗೆ ಮುನ್ನ ಎರಡು ಮೂರು ವಾರ ಬಿಡಬೇಕು. ರಾಗಿಗೆ ಇಳಿದಾಗ ಎಕರೆಗೆ ೩ ಟನ್ ಕೊಟ್ಟಿಗೆ ಗೊಬ್ಬರವನ್ನೂ, ಖುಷ್ಕಿಗೆ ಶಿಫಾರಸು ಮಾಡಿರುವ ೨೦ ಕಿಲೋ ಸಾರಜನಕವನ್ನೂ ಕೊಡಿರಿ. ಸಾರಜನಕವನ್ನು ಎರಡು ಕಂತು ಮಾಡಿ, ಎರಡನೆಯದನ್ನು ತೇವ ನೋಡಿಕೊಂಡು ಹಾಕಿರಿ.

ಪಕ್ಕದವರ ಬದುವಿನಲ್ಲಿ ಇನ್ನೂ ನೀಲಗಿರಿ ಸಾಲಿದ್ದರೆ, ನಿಮ್ಮ ಕಡೆ ಮೂರಡಿ ಆಳದ ಕಂದಕ ತೆಗೆದು, ದಾಟಿ ಬರುವ ಬೇರುಗಳನ್ನು ಪ್ರತಿ ವರ್ಷ ಮುಂಗಾರಿಗೆ ಮೊದಲು ಕತ್ತರಿಸಬೇಕು. ಕಂದಕದಲ್ಲಿ ಬಿದ್ದ ತರಗನ್ನು ಆಗಲೇ ಎತ್ತಿಹಾಕಿರಿ. ಇಲ್ಲದಿದ್ದರೆ ಮಳೆನೀರು ಅದನ್ನು ನೆನೆಸಿ ಆ ಸಾರವನ್ನು ನಿಮ್ಮ ಹೊಲಕ್ಕೇ ಇಳಿಸುತ್ತದೆ.