ಎರೆಮಣ್ಣಿನ ಹಾಳೆಗಳು

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಆದರೂ, ‘ಬ್ಯಾಸಿಗ್ಯಾಗ ಬಿರಿಯೂ ಎರಿ ಮಳ್ಯಾಗ ಯಾಕ ಉಬ್ಬತೈತಿ?’ ಎಂದು ಅಪ್ಪ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕಾಗಿಯೇ ಓದಿದೆ.

ಒಂದು ಮೀಟರಿನ ನೂರು ಕೋಟಿಯಲ್ಲೊಂದು ಪಾಲು ನ್ಯಾನೋಮೀಟರು. ನಮ್ಮ ಚಡಚಣದ ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿಯುಂಟು. ಅದರ ಒಂದೊಂದು ಹಾಳೆಯ ದಪ್ಪ ಸುಮಾರು 1 ನ್ಯಾನೋಮೀಟರು. ವಸ್ತುವನ್ನು ಸಣ್ಣದಾಗಿ ಒಡೆದಷ್ಟೂ ಅದರ ಹೊರಮೈ ಹೆಚ್ಚುತ್ತದೆ. 1 ಸೆಂಟಿಮೀಟರಿನ ಘನವೊಂದನ್ನು ನ್ಯಾನೋಮೀಟರಿನ ಘನಗಳಾಗಿ ಕತ್ತರಿಸಿದರೆ, 6 ಚದರ ಸೆಂಟಿಮೀಟರಿದ್ದ ಮೈ 6,000 ಚದರ ಮೀಟರಾಗುವುದು. ಎಂದರೆ ಸುಮಾರು ಒಂದೂವರೆ ಎಕರೆ! ಜೇಡಿಯ ಹಾಳೆಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಬಿರಿಯುತ್ತದೆ. ಮಣ್ಣು ಹಿಡಿದಿಟ್ಟ ನೀರಿನಿಂದಲೇ ಹಿಂಗಾರಿ ಜೋಳ ಬೆಳೆಯುತ್ತದೆ.

ಇದನ್ನೆಲ್ಲ ಕೇಳಿ ಅಪ್ಪ ಹೆಂಟೆಯೊಂದನ್ನು ಹಿಸುಕಿ, ‘ಹದ ಗೊತ್ತಿತ್ತು, ಹಾಳಿ ಗೊತ್ತಿರಲಿಲ್ಲ’ ಎಂದರು. ನನಗಾದರೋ ಹಾಳೆ ಈಗ ಗೊತ್ತಾಗಿದೆ. ಹದ ಕಲಿಯುವುದು ಬಾಕಿಯಿದೆ.