ಆಟಿಕೆಯ ಕಥೆ, ಕಥೆಯ ಬಾಗಿಲು: ‘ಬಯೋನಿಕಲ್’ ಕಥನರೂಪಗಳ ಪರಿಶೀಲನೆ

ಆಟಿಕೆಗೆ ಜೋಡಿಸಿದ ಕಥೆಯನ್ನು ಬರಿಯ ಜಾಹೀರಾತೆಂದು ಬದಿಗಿಡುವುದು ಸುಲಭ. ಆದರೆ ಆ ಕಥೆ ಯಾವ ರೂಪದಲ್ಲಿ ಯಾರನ್ನು ತಲುಪುತ್ತದೆ ಎಂಬುದು ಕಥನಶಾಸ್ತ್ರಕ್ಕೆ ಸಂಬಂಧಿಸಿದ ಪ್ರಶ್ನೆಯೇ ಆಗಿದೆ. ಡೆನ್ಮಾರ್ಕಿನ ಲೆಗೊ ಸಂಸ್ಥೆ 2001ರಲ್ಲಿ ಹೊರತಂದ ‘ಬಯೋನಿಕಲ್’ ಸರಣಿ ಇದಕ್ಕೆ ತಕ್ಕ ನಿದರ್ಶನ. ‘ಬಯಾಲಜಿಕಲ್’ ಮತ್ತು ‘ಕ್ರಾನಿಕಲ್’ ಪದಗಳನ್ನು ಬೆಸೆದ ಈ ಹೆಸರಿನಲ್ಲೇ ವೃತ್ತಾಂತದ ಸೂಚನೆಯಿದೆ.

ಮಾಟ ನುಯಿ ದ್ವೀಪದ ತೀರಕ್ಕೆ ಬಂದು ಬೀಳುವ ಆರು ಮಂದಿ ‘ಟೋಆ’ ವೀರರಿಗೆ ತಮ್ಮ ಪೂರ್ವವೃತ್ತಾಂತ ನೆನಪಿಲ್ಲ. ಈ ಮರೆವು ಜಾಣ್ಮೆಯ ಕಥನತಂತ್ರ: ನಾಯಕನಿಗೆ ತಿಳಿದಷ್ಟೇ ಓದುಗ ಬಾಲಕನಿಗೂ ತಿಳಿದಿರುತ್ತದೆ, ಆದ್ದರಿಂದ ಯಾರೂ ಹೊರಗುಳಿಯುವುದಿಲ್ಲ. ಡಿಸಿ ಸಂಸ್ಥೆಯ ಕಾಮಿಕ್ಸ್ ಲೆಗೊ ಕ್ಲಬ್ಬಿನ ಸದಸ್ಯರಿಗೆ ಉಚಿತವಾಗಿ ದೊರೆಯುತ್ತಿತ್ತು. ಅದು ವೀರರ ಹೋರಾಟವನ್ನು ಸಂಕ್ಷೇಪವಾಗಿ ನಿರೂಪಿಸಿತು. ಅದೇ ವರ್ಷದ ಅಂತರ್ಜಾಲ ಆಟವಾದರೋ ಮಗುವನ್ನು ವೀರನನ್ನಾಗಿ ಮಾಡದೆ, ತಕುವ ಎಂಬ ಸಾಮಾನ್ಯ ಹಳ್ಳಿಗನನ್ನಾಗಿಸಿ ಊರೂರು ಅಲೆಯಲು ಬಿಟ್ಟಿತು. ದ್ವೀಪದ ಬದುಕು ಮೈದುಂಬಿದ್ದು ಇಲ್ಲಿಯೇ.

2003, 2004 ಮತ್ತು 2005ರ ಚಲನಚಿತ್ರಗಳು ಒಂದೇ ಕೂರಿಕೆಯಲ್ಲಿ ಕಥೆಯನ್ನು ಒದಗಿಸಿದವು. 2006ರಿಂದ 2008ರವರೆಗೆ ಚಿತ್ರಗಳಿರಲಿಲ್ಲ. ಕಾಮಿಕ್ಸ್, ಕಾದಂಬರಿ ಹಾಗೂ ಅಂತರ್ಜಾಲ ಧಾರಾವಾಹಿಗಳೇ ಕಥೆಯ ಭಾರ ಹೊತ್ತವು. ಯಕ್ಷಗಾನದ ಪ್ರೇಕ್ಷಕ ನಡುವೆ ಬಂದು ಕುಳಿತರೂ ಪ್ರಸಂಗ ಅವನಿಗೆ ಪರಿಚಿತವೇ; ಇಲ್ಲಿ ಅಂಥ ಪೂರ್ವಸ್ಮೃತಿಯ ಆಸರೆಯಿಲ್ಲ. ಹಳೆಯ ಓದುಗರನ್ನು ಹಿಡಿದಿಟ್ಟ ಸಾಂದ್ರತೆಯೇ ಹೊಸಬರಿಗೆ ಅಡ್ಡಗೋಡೆಯಾಯಿತು ಎನ್ನಬೇಕು. 2009ರ ಚಿತ್ರ ಕಥೆಯನ್ನು ಬೇರೊಂದು ಗ್ರಹಕ್ಕೆ ಒಯ್ದರೂ 2010ರಲ್ಲಿ ಸರಣಿ ನಿಂತಿತು. ಆದರೆ ಸರಳತೆಯೊಂದೇ ಮದ್ದೆನ್ನಲಾಗದು. 2015ರಲ್ಲಿ ಕಿರು ಅನಿಮೇಷನ್‌ಗಳ ಮೂಲಕ ತಿಳಿಯಾಗಿ ಮರಳಿದ ಕಥೆ 2016ರಲ್ಲೇ ಮುಗಿಯಿತು. ಮಾರುಕಟ್ಟೆಯ ಕಾರಣಗಳೇನೇ ಇರಲಿ, ಪ್ರವೇಶ ಸುಲಭವಾದ ಮಾತ್ರಕ್ಕೆ ಆಕರ್ಷಣೆ ಹುಟ್ಟಲಿಲ್ಲ.

ಕಥೆ ಯಾರದು ಎಂಬ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. 2001ರಲ್ಲಿಯೇ ನ್ಯೂಜಿಲೆಂಡಿನ ಮಾವೊರಿ ಜನರು ತಮ್ಮ ನುಡಿಯ ಪದಗಳ ಬಳಕೆಗೆ ಆಕ್ಷೇಪವೆತ್ತಿದರು. ಅವರಲ್ಲಿ ‘ತೊಹುಂಗ’ ಎಂದರೆ ವಿದ್ಯೆಯಲ್ಲಿ, ವಿಧಿಗಳಲ್ಲಿ ಪರಿಣತ. ಆಟಿಕೆಯಲ್ಲಿ ಅದು ಸಾಮಾನ್ಯ ಹಳ್ಳಿಗರ ಹೆಸರಾಗಿತ್ತು. ಅದನ್ನು ‘ಮಟೊರನ್’ ಎಂದು ಬದಲಿಸಲಾಯಿತು. ವೀರನೆಂಬ ಅರ್ಥದ ಮಾವೊರಿ ಪದ ‘ಟೋಆ’ ಮಾತ್ರ ಹಾಗೆಯೇ ಉಳಿಯಿತು. ಕೆಲವು ಪಾತ್ರನಾಮಗಳ ಬದಲಾವಣೆಯನ್ನು 2003ರಲ್ಲಿ ಕಥೆಯೊಳಗೇ ನಾಮಕರಣದ ಹಬ್ಬವಾಗಿ, ಸಾಹಸಕ್ಕೆ ಸಂದ ಗೌರವವಾಗಿ ನಿರೂಪಿಸಲಾಯಿತು.